ನಂಜತ್ತೆಯ ಮನೆಯಲ್ಲಿ ಪುಕ್ಕಟೆ ಸಂಸಾರ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಗೋಡೆಯ ಮೊಳೆಗಳನ್ನು. ಕೆಲವರು ಬಾಗಿಲ ಮುಂದಿನ ರಂಗೋಲಿ ನೋಡುತ್ತಾರೆ, ಕೆಲವರು ಟೀವಿ ಎಷ್ಟು ಅಗಲ ಅಂತ ನೋಡುತ್ತಾರೆ. ನಾನು ಮೊಳೆ ನೋಡುತ್ತೇನೆ. ಕ್ಯಾಲೆಂಡರಿಗೊಂದು, ಗಡಿಯಾರಕ್ಕೊಂದು, ಮದುವೆ ಫೋಟೋಕ್ಕೊಂದು, ಆಮೇಲೆ ಯಾವುದಕ್ಕೂ ಅಲ್ಲದೆ ಸುಮ್ಮನೆ ಹೊಡೆದು ಬಿಟ್ಟದ್ದೊಂದು. ಆ ಸುಮ್ಮನೆ ಹೊಡೆದ ಮೊಳೆ ಕಂಡರೆ ಆ ಮನೆಯವರ ಮೇಲೆ ನನಗೆ ಎಲ್ಲಿಲ್ಲದ ಗೌರವ ಹುಟ್ಟುತ್ತದೆ. ಏನು ಧೈರ್ಯ ನೋಡಿ, ಕೆಲಸವೇ ಇಲ್ಲದ ಮೊಳೆಗೂ ಗೋಡೆ ಕೊಟ್ಟಿದ್ದಾರಲ್ಲ!

ನಮ್ಮ ಯಜಮಾನರು ಮುನಿರಾಜು ಇದನ್ನು 'ನಿನ್ನ ಮೊಳೆ ಕಾಯಿಲೆ' ಅನ್ನುತ್ತಾರೆ. ಒಂದು ಸಲ ಹೀಗೆ ಜೋರಾಗಿ ಅಂದದ್ದು ಪಕ್ಕದ ಮನೆಯಾಕೆಯ ಕಿವಿಗೆ ಬಿತ್ತು. ಪಾಪ, ಮಾರನೆಯ ದಿನ ನನ್ನನ್ನು ಕಾಂಪೌಂಡಿನ ಹತ್ತಿರ ಕರೆದು, "ಖಾರ ಕಮ್ಮಿ ಮಾಡಿ, ಸುವರ್ಣಗೆಡ್ಡೆ ತಿನ್ನಿ, ನಾಚಿಕೆ ಪಡಬೇಡಿ" ಅಂತ ಗುಟ್ಟಾಗಿ ಹೇಳಿ ಹೋದರು. ಅದು ಆ ಮೊಳೆ ಅಲ್ಲ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಗೆಡ್ಡೆಯೂ ಮನೆಗೆ ಬಂದಿತ್ತು.

ಈ ಕಾಯಿಲೆ ನನಗೆ ಅಂಟಿದ್ದು ನಂಜತ್ತೆಯ ಮನೆಯಲ್ಲಿ. ಮದುವೆಯಾದ ಹೊಸದರಿಂದ ಮಗಳು ಶಾಲೆಗೆ ಹೋಗುವವರೆಗೂ ನಾವು ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಆ ಮನೆಯಲ್ಲಿ ಬಾಡಿಗೆ ಇಲ್ಲದೆ ಇದ್ದೆವು. ಇದನ್ನು ಹೇಳಿದ ತಕ್ಷಣ ಜನ "ಅಯ್ಯೋ, ಎಂಥಾ ಅದೃಷ್ಟ!" ಅನ್ನುತ್ತಾರೆ. ಅದೃಷ್ಟ ಹೌದು. ಆದರೆ ಅಂಥಾ ಅದೃಷ್ಟದಲ್ಲಿ ಕಾಲು ಚಾಚಿ ಮಲಗುವುದು ಹೇಗೆ ಅನ್ನುವುದನ್ನು ಯಾರೂ ನಮಗೆ ಹೇಳಿಕೊಡಲಿಲ್ಲ.

ನಂಜತ್ತೆ ನಮ್ಮ ಯಜಮಾನರಿಗೆ ರಕ್ತಸಂಬಂಧಿ ಅಲ್ಲ. ತಳಿ ಅನ್ನುವ ಊರಿನ ಹತ್ತಿರದ ಅವರ ಹಳ್ಳಿಯಲ್ಲಿ ಎದುರು ಮನೆಯವಳು, ಊರ ಲೆಕ್ಕದಲ್ಲಿ ಅತ್ತೆ. ಮಕ್ಕಳಿಲ್ಲ. ಗಂಡ ಹೆಂಡತಿ ಸೇವಂತಿಗೆ, ಗುಲಾಬಿ ಬೆಳೆದು, ವಯಸ್ಸಾದ ಮೇಲೆ ಆಸ್ಪತ್ರೆ ಮಾರ್ಕೆಟ್ಟು ಹತ್ತಿರ ಇರಲಿ ಅಂತ ಹೊಸೂರಿನಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿದ್ದರು. ಗೃಹಪ್ರವೇಶ ಆಯಿತು, ಪ್ರವೇಶ ಮಾತ್ರ ಆಗಲಿಲ್ಲ. ಗಂಡ ತೀರಿಕೊಂಡರು, ಈಕೆಗೆ ಹೂವಿನ ತೋಟ ಬಿಟ್ಟು ಬರುವ ಮನಸ್ಸಿಲ್ಲ. ಮನೆಗೆ ಬೀಗ ಬಿತ್ತು. ನಮ್ಮ ಯಜಮಾನರಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಮನೆ ಹುಡುಕುತ್ತಿದ್ದಾಗ ನಂಜತ್ತೆಯೇ ಕರೆದು ಬೀಗದ ಕೈ ಕೊಟ್ಟಳಂತೆ.

"ನನ್ನ ಮನೇಲಿ ಗೆದ್ಲು ಸಂಸಾರ ಮಾಡ್ತಾ ಅವೆ ಕಣ್ಲಾ ಮುನಿರಾಜು. ಅದ್ರ ಬದ್ಲು ನೀವು ಮಾಡಿ."

ಇವರು ಸಂಕೋಚದಿಂದ ಬಾಡಿಗೆ ಎಷ್ಟು ಅಂತ ಕೇಳಿದ್ದಾರೆ. ಅದಕ್ಕೆ ಅವಳು, "ಬಾಡ್ಗೆ ಈಸ್ಕಂಡ್ರೆ ಅದು ನಿಮ್ಮನೆ ಆಗ್ಬುಡ್ತದೆ. ನಾನು ಬಂದಾಗ ಬಾಗ್ಲು ತಟ್ಬೇಕಾಯ್ತದೆ. ಅದೆಲ್ಲ ಬ್ಯಾಡ" ಅಂದಳು.

ಇವರು ಇದನ್ನು ತಮಾಷೆ ಅಂದುಕೊಂಡು ನಗುತ್ತಾ ಬಂದು ನನಗೆ ಹೇಳಿದರು. ನಾನೂ ನಕ್ಕೆ. ಅದು ತಮಾಷೆಯಲ್ಲ, ನಮ್ಮ ಇಡೀ ಕರಾರೇ ಅಷ್ಟು ಅನ್ನುವುದು ಗೊತ್ತಾದದ್ದು ಮೊದಲ ವಾರದಲ್ಲಿ. ನಾನು ಒಲೆ ಮುಂದೆ ನಿಂತಿದ್ದೆ. ಇದ್ದಕ್ಕಿದ್ದಂತೆ ಮನೆಯೊಳಗೆಲ್ಲ ಸೇವಂತಿಗೆಯ ವಾಸನೆ. ತಿರುಗಿ ನೋಡಿದರೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡ ಒಬ್ಬ ಎತ್ತರದ ಹೆಂಗಸು ನನ್ನ ಸಾರಿನ ಪಾತ್ರೆಯ ಮುಚ್ಚಳ ಎತ್ತಿ ಹಿಡಿದಿದ್ದಾಳೆ.

"ಇದೇನೆ ಹಿಂಗೆ ತೆಳ್ಳಗೈತೆ? ನಿಮ್ಮ ಅಂಚೆಟ್ಟೀಲಿ ಸಾರು ಕುಡೀತೀರೋ, ಅದ್ರಲ್ಲಿ ಕೈ ತೊಳೀತೀರೋ?"

ಅಂಚೆಟ್ಟಿ ನನ್ನ ತವರೂರು. ನಂಜತ್ತೆಯ ಮೊದಲ ದರ್ಶನ ಹೀಗಾಯಿತು. ಅಲ್ಲಿಂದ ಮುಂದೆ ಮಾರ್ಕೆಟ್ಟಿಗೆ ಹೂವು ತಂದ ದಿನವೆಲ್ಲ ಹೀಗೇ. ಮೊದಲ ಬಸ್ಸಿಗೆ ಹೂವಿನ ಮೂಟೆ ಹಾಕಿಕೊಂಡು ಬರುವುದು, ಹೂವಿನ ಮಂಡಿಯಲ್ಲಿ ತಮಿಳಿನಲ್ಲಿ ಜಗಳವಾಡಿ, ತೆಲುಗಿನಲ್ಲಿ ರಾಜಿಯಾಗಿ, ಹೂವು ಮಾರಿ, ನೇರ ನಮ್ಮ ಅಡುಗೆಮನೆಗೆ ಬಂದು ಕನ್ನಡದಲ್ಲಿ ನನ್ನನ್ನು ಬೈಯುವುದು. ಆಮೇಲೆ ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿ ಮಧ್ಯಾಹ್ನದ ಬಸ್ಸಿನ ಹೊತ್ತಿನವರೆಗೂ ಗೊರಕೆ.

ಅವಳು ಯಾವುದನ್ನೂ 'ಮಾಡಬೇಡಿ' ಅನ್ನಲಿಲ್ಲ. ಹಾಗಂದಿದ್ದರೆ ಬದುಕು ಸುಲಭವಾಗುತ್ತಿತ್ತು. ಏನೂ ಅನ್ನದಿದ್ದರಿಂದ ಎಲ್ಲವನ್ನೂ ನಾವೇ ಬೇಡ ಅಂದುಕೊಂಡೆವು. ಮೊಳೆ ಹೊಡೆಯಲಾ ಅಂತ ನಾನು ಸುತ್ತಿಗೆ ಎತ್ತಿದರೆ ಇವರು, "ಗೋಡೆ ನಮ್ದಾ?" ಅನ್ನುತ್ತಿದ್ದರು. ಅಲ್ಲಿಗೆ ಸುತ್ತಿಗೆ ಮಂಚದ ಕೆಳಗೆ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಗಾಳಿ ಬಂದಾಗಲೆಲ್ಲ ತಿಂಗಳು ಬದಲಾಗುತ್ತಿತ್ತು. ಕನ್ನಡಿ ಅಟ್ಟದ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಅದರಲ್ಲಿ ನನ್ನ ಹಣೆ ಮಾತ್ರ ಕಾಣುತ್ತಿತ್ತು. ಕುಂಕುಮಕ್ಕೆ ಅಷ್ಟು ಸಾಕಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ.

ನಲ್ಲಿ ಸೋರಿದರೆ ಬಾಡಿಗೆಯವರು ಓನರಿಗೆ ಫೋನ್ ಮಾಡಿ ದಬಾಯಿಸುತ್ತಾರೆ. ನಾವು ಯಾರನ್ನು ದಬಾಯಿಸುವುದು? ಇವರೇ ಅಂಗಡಿಯಿಂದ ವಾಷರ್ ತಂದು, ಅಕ್ಕಪಕ್ಕ ನೋಡಿ, ಕಳ್ಳತನ ಮಾಡಿದವರಂತೆ ಹಾಕುತ್ತಿದ್ದರು. ರಿಪೇರಿ ಮಾಡಿಸಿದೆವು ಅಂತ ನಂಜತ್ತೆಗೆ ಹೇಳಿದರೆ ಅವಳ ಮನೆಗೆ ಕೊರತೆ ಹೇಳಿದ ಹಾಗಾಗುತ್ತದಲ್ಲ!

ಅಕ್ಕಪಕ್ಕದವರದು ಇನ್ನೊಂದು ಕಷ್ಟ. ನಮ್ಮೂರಿನ ಈ ಬಡಾವಣೆಗಳಲ್ಲಿ ಹೆಸರು ಕೇಳಿದ ಮೇಲಿನ ಪ್ರಶ್ನೆ "ಬಾಡಿಗೆ ಎಷ್ಟು?" ಅನ್ನುವುದೇ. ಇಲ್ಲ ಅಂದರೆ ಅವರ ಮುಖ ಒಂದು ಥರ ಆಗುತ್ತದೆ. ನಾವೇನೋ ಮುಚ್ಚಿಡುತ್ತಿದ್ದೇವೆ, ಇಲ್ಲವೇ ಮನೆಯಲ್ಲಿ ದೆವ್ವ ಇದೆ ಅಂತ. ಅಂಚೆಟ್ಟಿ ಕಡೆಯಿಂದ ನಮ್ಮಮ್ಮ ಬಂದಾಗಲಂತೂ ಮನೆಯೊಳಗೆ ಕಾಲಿಟ್ಟವಳೇ ದನಿ ಇಳಿಸಿಬಿಟ್ಟಳು. "ಯಾರ್ ಮನೇನೇ ಇದು? ಸುಮ್ನೆ ಯಾಕ್ ಕೊಟ್ಟವ್ರೆ?" ಅಂತ ಪಿಸುಗುಟ್ಟಿದಳು. ಇದ್ದಷ್ಟು ದಿನವೂ ಪಿಸುಗುಟ್ಟುತ್ತಲೇ ಇದ್ದಳು. ಕೆಮ್ಮುವಾಗ ಕೂಡ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

ಹಾಗೆ ನೋಡಿದರೆ ಅಮ್ಮ ಹೆದರಬೇಕಾದ ಕಾರಣವೇ ಇರಲಿಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬೇಸಗೆ ಬಂತು ಅಂದರೆ ಪಾತ್ರೆಗೆ ಕಲಾಯಿ ಹಾಕುವ ಒಬ್ಬ ತಾತ ಬಂದು ನಮ್ಮ ಜಗುಲಿಯಲ್ಲಿ ಇಳಿಯುತ್ತಿದ್ದ. ಬಸ್ಸು ಅಪರೂಪದ ಊರು ನಮ್ಮದು. ಒಮ್ಮೆ ಬಂದವನು ಸುತ್ತಲ ಹಳ್ಳಿಗಳ ಪಾತ್ರೆಯೆಲ್ಲ ಹೊಳೆಯುವವರೆಗೂ ಹೋಗುವ ಮಾತಿಲ್ಲ. ತಿದಿ, ಇದ್ದಿಲು, ನವಸಾಗರದ ಪುಡಿಯ ಹೊಗೆ, ನಾವು ಮಕ್ಕಳು ಸುತ್ತ ಕೂತು ಕೆಮ್ಮುವುದು. ಒಂದು ದಿನ ನಮ್ಮಜ್ಜಿ ಜಗುಲಿ ಗುಡಿಸುತ್ತಾ ಪೊರಕೆಯನ್ನು ಸ್ವಲ್ಪ ಜೋರಾಗಿ ಬೀಸಿದಳು. ಧೂಳು ಹೋಗಿ ಅವನ ಕೆಲಸದ ಮೇಲೆ ಬಿತ್ತು. ಆ ತಾತ ತಲೆ ಎತ್ತಿ, "ಏನಮ್ಮ ನೀನು, ಇಲ್ಲಿ ಮನುಷ್ಯರು ಇದಾರೆ ಅನ್ನೋದು ಬೇಡವಾ? ಆ ಕಡೆಯಿಂದ ಗುಡಿಸು!" ಅಂತ ಗದರಿದ. ನಮ್ಮ ಜಗುಲಿ, ನಮ್ಮ ಪೊರಕೆ, ನಮ್ಮಜ್ಜಿ. ಅಜ್ಜಿ ಏನು ಮಾಡಿದಳು ಅಂತೀರಿ? "ಅಯ್ಯೋ, ಗೊತ್ತಾಗ್ಲಿಲ್ಲ ಬಿಡಪ್ಪ" ಅಂತ ಆ ಕಡೆಯಿಂದ ಗುಡಿಸಿದಳು. ನಂಜತ್ತೆಯ ಮನೆಯಲ್ಲಿದ್ದಾಗ ನನಗೆ ಎಷ್ಟೋ ಸಲ ಆ ತಾತನ ನೆನಪಾಗಿ ಹೊಟ್ಟೆಕಿಚ್ಚಾಗಿದೆ. ಇನ್ನೊಬ್ಬರ ಜಗುಲಿಯಲ್ಲಿ ಕೂತು ಜಗುಲಿಯವರನ್ನೇ ಬೈಯುವ ಗತ್ತು ನನಗೆ ಯಾವ ಜನ್ಮದಲ್ಲಿ ಬರಬೇಕು?

ಗ್ಯಾಸ್ ಕನೆಕ್ಷನ್ನಿಗೆ ಹೋದಾಗಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅವರು ವಿಳಾಸದ ದಾಖಲೆ ಕೇಳಿದರು. ಬಾಡಿಗೆ ಕರಾರು ಇದ್ದವರಿಗೆ ಕರಾರು, ಸ್ವಂತ ಮನೆಯವರಿಗೆ ಪತ್ರ. ನಮ್ಮ ಹತ್ತಿರ ಎರಡೂ ಇಲ್ಲ. ನಂಜತ್ತೆಗೆ ಹೇಳಿದರೆ, "ನಡೀರಿ, ನಾನೇ ಬತ್ತೀನಿ" ಅಂತ ಹೂವಿನ ಬುಟ್ಟಿ ಸಮೇತ ಬಂದು ಕೌಂಟರಿನ ಮುಂದೆ ನಿಂತಳು.

"ಇವ್ರು ನಮ್ಮನೇಲಿ ಅವ್ರೆ. ನಾನೇ ಬಂದು ಹೇಳ್ತಾ ಇವ್ನಲ್ಲ, ಇನ್ಯಾತ್ರ ಪೇಪರು?"

"ಪಾಟಿ, ಪೇಪರ್ ವೇಣುಂ ಪಾಟಿ" ಅಂದ ಒಳಗಿನ ಹುಡುಗ ಕೈ ಮುಗಿದು, ಪೇಪರ್ ಬೇಕೇ ಬೇಕು ಅಜ್ಜಿ ಅಂತ.

ಕೊನೆಗೆ ಕಂದಾಯದ ರಸೀದಿ ತಂದು, ಹೆಬ್ಬೆಟ್ಟು ಒತ್ತಿ, ನಮಗೆ ಗ್ಯಾಸ್ ಕೊಡಿಸಿದಳು. ಆ ಹುಡುಗನ ಮೇಜಿನ ದೇವರ ಪಟಕ್ಕೆ ಒಂದು ಗುಲಾಬಿಯನ್ನೂ ಸಿಕ್ಕಿಸಿ ಬಂದಳು.

ಹೀಗೆ ಹೆದರುತ್ತಲೇ ಹೊಂದಿಕೊಂಡೆವು. ಮಗಳು ಹುಟ್ಟಿದಳು. ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಮಿಷನ್ ಹಾಕಿಕೊಂಡೆ. ಬ್ಲೌಸು ಹೊಲಿಯುವುದರಲ್ಲಿ ನನ್ನ ಕೈ ಚೆನ್ನಾಗಿದೆ ಅಂತ ಬೀದಿಯಿಂದ ಬೀದಿಗೆ ಮಾತು ಹೋಗಿ, ಬಸ್ ಸ್ಟ್ಯಾಂಡಿನ ಆಚೆಯವರೂ ಬಟ್ಟೆ ತರುವಂತಾದರು. ನಂಜತ್ತೆಯ ಚಾಪೆಗೆ ಮಿಷನ್ನಿನ ಪಕ್ಕದಲ್ಲಿ ಜಾಗ. ಮಿಷನ್ ಸದ್ದಿಗೆ ಅವಳಿಗೆ ಇನ್ನೂ ಚೆನ್ನಾಗಿ ನಿದ್ದೆ ಬರುತ್ತಿತ್ತು. ನಾನು ನಿಲ್ಲಿಸಿದರೆ ಎದ್ದು ಕೂರುತ್ತಿದ್ದಳು.

ಆಮೇಲೊಂದು ಸಲ ಏನಾಯಿತೋ, ನಂಜತ್ತೆ ಬರುವುದನ್ನು ನಿಲ್ಲಿಸಿದಳು. ಸೇವಂತಿಗೆಯ ಕಾಲ, ಮಾರ್ಕೆಟ್ಟಿಗೆ ಬಂದೇ ಬರುತ್ತಾಳೆ. ಆದರೂ ಮನೆ ಕಡೆ ಸುಳಿವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಅವಳು ಅದನ್ನು ಎತ್ತುತ್ತಿದ್ದದ್ದೇ ಅಪರೂಪ. ಮಂಡಿನೋವು ಅಂತ ಹೇಳುತ್ತಿದ್ದಳಲ್ಲ, ಅದಿರಬೇಕು ಅಂದುಕೊಂಡೆವು.

ಅವಳ ಬದಲು ಒಂದು ಬೆಳಿಗ್ಗೆ ಗೋಪಾಲ ಬಂದ. ನಂಜತ್ತೆಯ ತಮ್ಮನ ಮಗ, ಸೂಳಗಿರಿಯವನು. ಅಲ್ಲಿ ಹೆದ್ದಾರಿ ಪಕ್ಕ ಫ್ಯಾಕ್ಟರಿಗಳು ಬಂದ ಮೇಲೆ ಜಮೀನು, ಸೈಟು, ಮನೆ ಅಂತ ಓಡಾಡುವ ಕೆಲಸ ಹಿಡಿದಿದ್ದ. ಕೆಟ್ಟವನಲ್ಲ. ಸದಾ ನಗುಮುಖ, ಎರಡು ಕಿವಿಗೂ ಒಂದೊಂದು ಫೋನು. ಅವನ ಹಿಂದೆ ಅಚ್ಚುಕಟ್ಟಾದ ಗಂಡ ಹೆಂಡತಿ ಜೋಡಿಯೊಂದು ನಿಂತಿತ್ತು.

"ರತ್ನಕ್ಕ, ಚೆನ್ನಾಗಿದೀರಾ? ಒಂದ್ನಿಮಿಷ ಒಳಗ್ ಬತ್ತೀವಿ" ಅಂದವನೇ ಬಂದುಬಿಟ್ಟ. ಬಾಗಿಲು ತಟ್ಟದೆ ಬರುವುದು ಅವರ ವಂಶದ ಗುಣ ಅಂದುಕೊಂಡೆ. ನಾನು ಚಪಾತಿ ಲಟ್ಟಿಸುತ್ತಿದ್ದೆ. ಅವನು ಅವರಿಗೆ ನನ್ನ ಸುತ್ತ ಕೈ ತೋರಿಸುತ್ತಾ ಹೇಳತೊಡಗಿದ.

"ಇದು ಕಿಚನ್ ಮೇಡಂ. ಈಸ್ಟ್ ಫೇಸಿಂಗ್. ಗಾಳಿ ಬೆಳಕು ಫಸ್ಟ್ ಕ್ಲಾಸ್."

ಆ ಹೆಂಗಸು ನನ್ನತ್ತ ಕರುಣೆಯಿಂದ ನಕ್ಕು, "ನೀರು ಚೆನ್ನಾಗಿ ಬರುತ್ತಾ?" ಅಂತ ಕೇಳಿದರು.

"ಓ, ಬೇಸಗೆಯಲ್ಲೂ ತೊಂದರೆ ಇಲ್ಲ. ಮೋಟಾರು ಹಾಕಿದರೆ ಸಾಕು. ಬಟ್ಟೆ ಒಣಗೋದಕ್ಕೆ ಹಿಂದೆ ಒಳ್ಳೆ ಬಿಸಿಲಿದೆ" ಅಂತ ನಾನು ಉತ್ಸಾಹದಿಂದ ಹೇಳಿದೆ. ಯಾಕೆ ಕೇಳುತ್ತಿದ್ದಾರೆ ಅನ್ನುವುದು ಹೊಳೆಯಲೇ ಇಲ್ಲ. ಗೋಪಾಲ ಅವರ ಕಡೆ ತಿರುಗಿ, "ಇವ್ರು ಮಂತ್ ಎಂಡ್‌ಗೆ ಖಾಲಿ ಮಾಡ್ತಾರೆ, ನೀವು ಒಂದನೇ ತಾರೀಖೇ ಬರಬೋದು" ಅಂದಾಗ ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ನಾವು ಮನೆ ಬಿಡುತ್ತಿದ್ದೇವೆ ಅನ್ನುವ ಸುದ್ದಿ ನಮಗೆ ತಿಳಿದದ್ದು ಹೀಗೆ.

"ನಂಜತ್ತೆ ಹೇಳಿದ್ರಾ?" ಅಂತ ಕೇಳಿದೆ.

"ಅತ್ತೇನೇ ಹೇಳವ್ಳೆ ಅನ್ಕಳ್ಳಿ. ವಯಸ್ಸಾಯ್ತಲ್ಲಕ್ಕ, ಅವ್ಳಿಗೂ ಒಂದು ಆದಾಯ ಬೇಡ್ವಾ? ನೀವೇನು ಬಾಡ್ಗೆ ಕೊಡ್ತಾ ಇಲ್ವಲ್ಲ, ನೋಟೀಸು ಗೀಟೀಸು ಅಂತ ಏನೂ ಇರಲ್ಲ" ಅಂದ ನಗುತ್ತಲೇ.

ಸಂಜೆ ಇವರು ಕೆಲಸದಿಂದ ಬಂದಾಗ ಹೇಳಿದೆ. ನಮ್ಮ ಯಜಮಾನರು ಜಗಳಕ್ಕೆ ಹುಟ್ಟಿದವರಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇವರೇ ಸಾರಿ ಅನ್ನುತ್ತಾರೆ. ಸುಮ್ಮನೆ ಕೇಳಿಸಿಕೊಂಡು, ಹೊರಗೆ ಹೋಗಿ, ದಿನಸಿ ಅಂಗಡಿಯಿಂದ ರಟ್ಟಿನ ಡಬ್ಬಗಳನ್ನು ಹೊತ್ತು ತಂದರು. ಪಾತ್ರೆ ತುಂಬುವುದಕ್ಕೆ!

"ಅವರ ಮನೆ. ಕೇಳ್ತಾರೆ, ಕೊಡಬೇಕು" ಅಂದರು.

"ಅವರು ಅಂದರೆ ಯಾರು? ಮನೆ ಗೋಪಾಲಂದಾ?"

ಇವರು ಡಬ್ಬದ ತಳಕ್ಕೆ ಹಳೇ ಪೇಪರು ಹಾಸಿದರು. ಆಮೇಲೆ ನಿಧಾನವಾಗಿ, "ನೀರು ಚೆನ್ನಾಗಿ ಬರತ್ತೆ ಅಂತ ನೀನೇ ಹೇಳಿ ಕಳಿಸಿದೀಯಲ್ಲ" ಅಂದರು. ಸಿಟ್ಟಿನಲ್ಲೂ ನಗು ಬಂತು. ಆದರೆ ಆ ಸಂಜೆ ಮಿಷನ್ನಿನ ಮುಂದೆ ಕೂತಾಗ ನಗು ಉಳಿಯಲಿಲ್ಲ. ದೀಪಾವಳಿ ಹತ್ತಿರ, ಕತ್ತರಿಸಿಟ್ಟ ಬ್ಲೌಸ್ ಬಟ್ಟೆಗಳ ಗಂಟು ಗೋಡೆಯುದ್ದಕ್ಕೂ ಕೂತಿತ್ತು. ಎಲ್ಲರೂ ಈ ಬಾಗಿಲಿಗೆ ಹುಡುಕಿಕೊಂಡು ಬರುವವರು. ಮಗಳ ಶಾಲೆ ಬೀದಿ ತಿರುವಿನಲ್ಲೇ. ನಾನು ಇಷ್ಟು ವರ್ಷ ಹೆದರಿ ಹೆದರಿ ಇದ್ದ ಮನೆಯನ್ನು ಬಿಡಬೇಕು ಅಂದಾಗ, ಅದು ನನ್ನದೇ ಅಂತ ಎದೆ ಹೇಳತೊಡಗಿತು. ಕೇಳಿಕೊಂಡು ಬಂದದ್ದಲ್ಲ ಆ ಭಾವನೆ. ಅದೂ ಬಾಗಿಲು ತಟ್ಟದೆ ಬಂದಿತ್ತು.

ನನ್ನ ಹತ್ತಿರ ಬ್ಲೌಸು ಹೊಲಿಸುವವರಲ್ಲಿ ಮಲ್ಲಿಗಾ ಮೇಡಂ ಅಂತ ವಕೀಲರೊಬ್ಬರಿದ್ದರು. ಮಾರನೆಯ ದಿನ ಅಳತೆ ಕೊಡಲು ಬಂದರು. ಅವರ ತೋಳಿಗೆ ಟೇಪು ಸುತ್ತುತ್ತಲೇ ವಿಷಯ ಎತ್ತಿದೆ. ಅವರು ತಮಿಳಿನಲ್ಲೂ ಕನ್ನಡದಲ್ಲೂ ಬೆರೆಸಿ ಕೇಳುತ್ತಾ ಹೋದರು.

"ಅಗ್ರಿಮೆಂಟ್ ಇರುಕ್ಕಾ?"

"ಇಲ್ಲ ಮೇಡಂ."

"ಬಾಡಿಗೆ ರಸೀದಿ?"

"ಬಾಡಿಗೆಯೇ ಇಲ್ಲ."

"ಮತ್ತೆ ಏನಿದೆ ನಿಮ್ಮ ಹತ್ತಿರ?"

ನಾನು ಯೋಚಿಸಿ, "ಹಿತ್ತಲಲ್ಲಿ ನಾನು ನೆಟ್ಟ ನುಗ್ಗೆಗಿಡ ಇದೆ" ಅಂದೆ. ಮಲ್ಲಿಗಾ ಮೇಡಂ ತೋಳು ಇಳಿಸಿ ನಕ್ಕರು. ಆಮೇಲೆ ಕೂತು ಬಿಡಿಸಿ ಹೇಳಿದರು. ಬಾಡಿಗೆ ಕೊಡದೆ ಇನ್ನೊಬ್ಬರ ಮನೆಯಲ್ಲಿ ಇರುವವರು ಮಾಲೀಕರ ಅನುಮತಿಯ ಮೇಲೆ ಇರುವವರು. ಎಷ್ಟು ವರ್ಷ ಇದ್ದರೂ ಅದರಿಂದ ಮನೆ ನಮ್ಮದಾಗುವುದಿಲ್ಲ. ಅನುಮತಿ ಕೊಟ್ಟವರು ಅದನ್ನು ವಾಪಸು ತೆಗೆದುಕೊಳ್ಳಬಹುದು. "ಆದ್ರೆ ಕೊಟ್ಟವರೇ ತಗೋಬೇಕು, ಅವರ ಪರವಾಗಿ ಅಂತ ದಾರೀಲಿ ಹೋಗೋರೆಲ್ಲ ಅಲ್ಲ. ತಗೊಂಡರೂ ಸಾಮಾನು ಎತ್ತಿಕೊಂಡು ಹೋಗೋಕೆ ನ್ಯಾಯವಾದಷ್ಟು ಟೈಮ್ ಕೊಡಬೇಕು. ನಿಮ್ಮ ಪಾತ್ರೆ ಬೀದಿಗೆ ಎಸೆಯೋದು, ಬೀಗ ಜಡಿಯೋದು, ಕರೆಂಟ್ ಕೀಳೋದು, ಅದೆಲ್ಲ ಆಗಲ್ಲ. ಕಾನೂನಿನಲ್ಲಿ ನಿಮ್ಮಂಥವರನ್ನ ಲೈಸೆನ್ಸಿ ಅಂತಾರೆ" ಅಂದರು.

"ನಮ್ಮ ಯಜಮಾನರಿಗೆ ಬೈಕಿಗೇ ಲೈಸೆನ್ಸ್ ಇಲ್ಲ ಮೇಡಂ" ಅಂದೆ.

ಅವರು ಹೋಗುವಾಗ ಬಾಗಿಲಲ್ಲಿ ನಿಂತು, "ಕೋರ್ಟಿಗೆ ಹೋಗೋ ಮಾತು ಆಮೇಲೆ. ಮೊದಲು ಆ ಅಮ್ಮನ್ನ ಹೋಗಿ ಕೇಳಿ" ಅಂದರು. ಅಷ್ಟು ಸುಲಭದ ಮಾತು ನಮಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಅನ್ನುವುದಕ್ಕಿಂತ ಹೆದರಿದ್ದೆವು. ಅವಳೇ ಹೌದು ಅಂದುಬಿಟ್ಟರೆ?

ಭಾನುವಾರ ತಳಿ ಬಸ್ಸು ಹತ್ತಿದೆವು. ಮಗಳು ಕಿಟಕಿ ಪಕ್ಕ ಕೂತು ಕೋಸಿನ ಹೊಲ, ರಾಗಿ ಹೊಲ ನೋಡುತ್ತಾ ಹಾಡಿಕೊಳ್ಳುತ್ತಿದ್ದಳು. ನಾವಿಬ್ಬರು ಪರೀಕ್ಷೆಗೆ ಹೋಗುವವರ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ನಂಜತ್ತೆ ತೋಟದಲ್ಲಿದ್ದಳು. ಹಳದಿ ಸೇವಂತಿಗೆಯ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕೂತು ಹೂವು ಬಿಡಿಸುತ್ತಿದ್ದವಳು ನಮ್ಮನ್ನು ಕಂಡು ಏಳಲಿಲ್ಲ. ಮಗಳು ಓಡಿಹೋಗಿ ಬೆನ್ನಿಗೆ ಜೋತುಬಿದ್ದಳು. ಅವಳನ್ನು ಮಾತ್ರ ಮುದ್ದಿಸಿ, ನಮ್ಮ ಕಡೆ ನೋಡದೆ ಕೇಳಿದಳು.

"ಏನು, ಹೊಸ ಮನೆ ಒಕ್ಕಲಿಗೆ ಕರ್ಯಕ್ ಬಂದ್ರಾ?"

"ಯಾವ ಹೊಸ ಮನೆ?" ಅಂದೆ ನಾನು.

"ಗೋಪಾಲ ಹೇಳ್ದ. ಬೇರೆ ಮನೆ ನೋಡ್ಕಂಡವ್ರೆ, ತಿಂಗ್ಳ ಕೊನೇಗೆ ಹೋಯ್ತಾರೆ ಅಂತ. ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಲ್ಲ ನಿಮ್ಗೆ! ಅದ್ಕೇ ನಾನು ಬರ್ಲಿಲ್ಲ. ಮಾರ್ಕೆಟ್ನಿಂದ ಹಂಗೇ ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ ಬೆಂಚಿನ ಮೇಲೆ ಮಲ್ಗಿ ಬತ್ತಿದ್ದೆ." ಬಿಡಿಸಿದ ಹೂವೊಂದನ್ನು ಬುಟ್ಟಿಗೆ ಹಾಕುವ ಬದಲು ಮಣ್ಣಿಗೆ ಹಾಕಿದಳು.

ಗೋಪಾಲ ನಮಗೆ ಅವಳ ಹೆಸರು ಹೇಳಿದ್ದ, ಅವಳಿಗೆ ನಮ್ಮ ಹೆಸರು ಹೇಳಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲು ಸಂಕೋಚಪಟ್ಟು ಮೂತಿ ಉಬ್ಬಿಸಿಕೊಂಡು ಕೂತಿದ್ದೆವು. ನಾನು ಬಾಯಿ ತೆರೆಯುವಷ್ಟರಲ್ಲಿ, ಎಂದೂ ಮಾತಾಡದ ನಮ್ಮ ಯಜಮಾನರು ಹೂವಿನ ಸಾಲಿನಲ್ಲಿ ಅವಳ ಎದುರು ಕೂತುಬಿಟ್ಟರು.

"ನಂಜತ್ತೆ, ಬೀಗದ ಕೈ ಕೊಟ್ಟೋಳು ನೀನು. ನೀನು ಹೋಗು ಅಂದ್ರೆ ನಾಳೇನೇ ಹೋಗ್ತೀನಿ. ಗೋಪಾಲ ಹೋಗು ಅಂದ್ರೆ ಹೋಗಲ್ಲ."

ನನಗೆ ಇವರ ಮೇಲೆ ಆ ಗಳಿಗೆಯಲ್ಲಿ ಉಕ್ಕಿದ ಪ್ರೀತಿ ಮದುವೆಯ ದಿನ ಕೂಡ ಉಕ್ಕಿರಲಿಲ್ಲ. ನಂಜತ್ತೆ ಸೊಂಟದಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟು, ಗೋಪಾಲನಿಗೆ ಹಚ್ಚು ಅಂದಳು. ಸ್ಪೀಕರ್ ಬೇಕಾಗಿರಲಿಲ್ಲ, ಅವಳ ದನಿ ಸೂಳಗಿರಿಗೆ ನೇರವಾಗಿಯೇ ಕೇಳಿಸಿರಬೇಕು.

"ಲೋ ಗೋಪಾಲ! ನಾನಿನ್ನೂ ಬದ್ಕಿವ್ನಿ ಕಣ್ಲಾ! ನನ್ ಮನೆ ವಿಚಾರ ನನ್ ಬಾಯಲ್ಲಿ ಬರ್ಬೇಕು. ನಿನ್ ಬಾಯ್ನ ಯಾರಿಗಾದ್ರೂ ಬಾಡ್ಗೇಗೆ ಕೊಡು ಹೋಗು!"

ಅತ್ತ ಕಡೆಯಿಂದ "ಅತ್ತೆ, ಅತ್ತೆ, ನಿನ್ ಒಳ್ಳೇದಕ್ಕೇ..." ಅನ್ನುವುದು ಕೇಳುತ್ತಿತ್ತು.

ಅವತ್ತು ಮಧ್ಯಾಹ್ನ ರಾಗಿಮುದ್ದೆ, ಅವರೆಕಾಳಿನ ಸಾರು. ಉಂಡು ಕೈ ತೊಳೆದ ಮೇಲೆ ನಂಜತ್ತೆ ತಾನೇ ನೆಟ್ಟಗೆ ಮಾತಾಡಿದಳು. ಗೋಪಾಲ ಹೇಳಿದ ರೀತಿ ತಪ್ಪು, ಆದರೆ ವಿಷಯ ಪೂರ್ತಿ ತಪ್ಪಲ್ಲ ಅಂದಳು. ಮಂಡಿ ಕೈಕೊಡುತ್ತಿದೆ, ತೋಟವನ್ನು ಬಹಳ ವರ್ಷ ಮಾಡಲಾಗುವುದಿಲ್ಲ, ಆಮೇಲೆ ಆ ಮನೆಯೇ ಅವಳಿಗೆ ಅನ್ನ ಹಾಕಬೇಕು. "ನಿಮ್ಮತ್ರ ಬಾಡ್ಗೆ ಈಸ್ಕಳಕೆ ನಂಗೆ ಕೈ ಬರಲ್ಲ ಕಣೆ ರತ್ನಿ. ಬೇರೇವ್ರತ್ರ ಆದ್ರೆ ಬತ್ತದೆ. ಏನ್ ಮಾಡ್ಲಿ, ಹೇಳು?"

ಅಷ್ಟು ಬಿಚ್ಚುಮನಸ್ಸಿನಿಂದ ಕೇಳಿದವಳಿಗೆ ನಾನು ಕಾನೂನು ಹೇಳಲಿಲ್ಲ. "ದೀಪಾವಳಿ, ಸಂಕ್ರಾಂತಿ ಬ್ಲೌಸುಗಳು ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ. ಅಷ್ಟು ಟೈಮ್ ಕೊಡಿ ಸಾಕು" ಅಂದೆ. "ಯುಗಾದಿ ಹೋಳಿಗೆ ಅಲ್ಲೇ ತಿಂದು ಹೋಗಿ" ಅಂದಳು. ಮಲ್ಲಿಗಾ ಮೇಡಮ್ಮಿಗೆ ಹೇಳಿದಾಗ ಅವರು, ಯಾವ ಜಡ್ಜೂ ಇಷ್ಟು ಚೆನ್ನಾಗಿ ಟೈಮ್ ಕೊಡುತ್ತಿರಲಿಲ್ಲ ಅಂದರು.

ಯುಗಾದಿ ಆದ ಮೇಲೆ ಹಿಂದಿನ ಬೀದಿಯಲ್ಲೇ ಒಂದು ಮಹಡಿ ಮನೆಗೆ ಬಾಡಿಗೆಗೆ ಹೋದೆವು. ಕರಾರು ಬರೆಸಿ ಸಹಿ ಹಾಕುವಾಗ ಇವರು ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದರು; ನನಗೋ ಮೈಸೂರು ಮಹಾರಾಣಿಯಾದ ಹಾಗಿತ್ತು. ಕೆಳಗಿನ ಮನೆಯಲ್ಲಿ ಓನರ್ ಸರೋಜಮ್ಮ. ತೆಲುಗಿನವರು, ಒಂಟಿ ಜೀವ, ನಿಯಮಗಳ ಜೊತೆ ಸಂಸಾರ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಮಾಡಬಾರದು, ನೀರು ಇಂಥ ಹೊತ್ತಿಗೇ ಹಿಡಿಯಬೇಕು, ಗೇಟು ಎಳೆಯಬಾರದು, ಎತ್ತಿ ಮುಚ್ಚಬೇಕು.

ನಂಜತ್ತೆಯ ಮನೆಗೆ ಗೋಪಾಲನ ಆ ಅಚ್ಚುಕಟ್ಟು ಜೋಡಿಯೇ ಬಂತು. ಅವರು ಬಂದು ಕೆಲವು ದಿನಗಳಾಗಿತ್ತು. ನಾನು ಮಹಡಿ ಮೇಲೆ ಮಿಷನ್ ತುಳಿಯುತ್ತಿದ್ದಾಗ ಮೆಟ್ಟಿಲಲ್ಲಿ ಏದುಸಿರು, ಅದರ ಹಿಂದೆಯೇ ಸೇವಂತಿಗೆಯ ವಾಸನೆ. ನಂಜತ್ತೆ ಬಾಗಿಲಿಗೆ ಬಂದು ಅಲ್ಲೇ ಕುಸಿದು ಕೂತಳು. ಅಳುತ್ತಿದ್ದಾಳೆ ಅಂದುಕೊಂಡು ಹೆದರಿದೆ. ನೋಡಿದರೆ ನಗು ತಡೆಯಲಾಗದೆ ಒದ್ದಾಡುತ್ತಿದ್ದಳು.

"ಮಾರ್ಕೆಟ್ನಿಂದ ಬಂದ್ನಾ, ಕಾಲು ಅದೇ ದಾರೀಲಿ ಹೋಗ್ಬುಟ್ಟೋ ಕಣೆ. ಸೀದಾ ಒಳಗೋಗಿ ಆಯಮ್ಮನ ಕುಕ್ಕರ್ ಪಕ್ಕದ ಪಾತ್ರೆ ಮುಚ್ಚಳ ಎತ್ತಿವ್ನಿ! ಕಳ್ಳಿ ಕಳ್ಳಿ ಅಂತ ಕಿರುಚ್ಕಂಡ್ಳು. ನನ್ ಮನೇಲಿ ನಾನೇ ಕಳ್ಳಿ ಆಗ್ಬುಟ್ಟೆ!"

"ಪಾತ್ರೇಲಿ ಏನಿತ್ತು?" ಅಂತ ಕೇಳಿದೆ.

"ಅದೆಂಥದೋ ಬಿಳೀ ಶಾವ್ಗೆ. ಉಪ್ಪೂ ಇಲ್ಲ, ಹುಳೀನೂ ಇಲ್ಲ. ಅಂಥದ್ನ ಯಾವ ಕಳ್ಳಿ ಕದೀತಾಳೆ?"

ಅವತ್ತಿಂದ ಮಾರ್ಕೆಟ್ಟಿನ ದಿನಗಳಲ್ಲಿ ಅವಳ ಚಾಪೆ ನಮ್ಮ ಮಹಡಿಯಲ್ಲಿ. ಸರೋಜಮ್ಮನವರಿಗೆ ಇದು ಹಿಡಿಸಲಿಲ್ಲ. ಒಂದು ಮಧ್ಯಾಹ್ನ ಮೇಲೆ ಬಂದು, ಒಳಗೆ ಇಣುಕಿ, "ಆಯಮ್ಮ ಎವರು? ಅಗ್ರಿಮೆಂಟಿನಲ್ಲಿ ನಿಮ್ಮ ಮೂರು ಜನದ ಹೆಸರು ಮಾತ್ರ ಇದೆ. ದಿನಾ ಬಂದು ಮಲಗೋದು ನಡೆಯಲ್ಲ" ಅಂದರು. ಚಾಪೆಯ ಮೇಲಿನ ಗೊರಕೆ ಥಟ್ಟನೆ ನಿಂತಿತು.

ನಾನು ಎದ್ದು ನಿಂತೆ. ಕೈಯಲ್ಲಿ ಕತ್ತರಿ ಇತ್ತು. ಅದನ್ನು ಕೆಳಗಿಡಬೇಕು ಅಂತ ಹೊಳೆಯಲಿಲ್ಲ. "ಅವರು ನಮ್ಮತ್ತೆ. ನಾವು ತಿಂಗಳು ತಿಂಗಳು ಬಾಡಿಗೆ ಕೊಡೋ ಮನೆ ಇದು. ನಮ್ಮತ್ತೆ ಇಲ್ಲಿಗೆ ಬರೋಕೆ, ಊಟ ಮಾಡೋಕೆ, ಮಲಗೋಕೆ ಯಾರ ಅಪ್ಪಣೆ ಕೇಳೋದೂ ಬೇಕಾಗಿಲ್ಲ. ಆ ಬಾತ್‌ರೂಮಿನ ನಲ್ಲಿ ಸೋರ್ತಾ ಇದೆ, ಅದನ್ನ ಮೊದಲು ರಿಪೇರಿ ಮಾಡಿಸಿ!" ಅಂದುಬಿಟ್ಟೆ. ನನ್ನ ದನಿ ಅಷ್ಟು ಜೋರಾಗಿರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಸರೋಜಮ್ಮನವರ ತೆರೆದ ಬಾಯಿ ತೆರೆದೇ ಇತ್ತು.

ಆಗ ನಂಜತ್ತೆ ಚಾಪೆಯಿಂದ ಎದ್ದು, ಕೂದಲು ಗಂಟು ಹಾಕಿಕೊಳ್ಳುತ್ತಾ, ತೆಲುಗಿನಲ್ಲಿ, "ನೇನು ಪೂಲಮ್ಮೇದಾನ್ನಿ ತಲ್ಲೀ", ಹೂವು ಮಾರುವವಳು ಕಣಮ್ಮ ನಾನು, ಅಂತ ಹತ್ತಿರ ಹೋದಳು. ಬುಟ್ಟಿಯಲ್ಲಿ ಉಳಿದಿದ್ದ ಗುಲಾಬಿಗಳನ್ನು ಬೊಗಸೆಯಲ್ಲಿ ಅವರ ಸೆರಗಿಗೆ ಸುರಿದಳು. ದೇವರಿಗೆ ಅಂದಳು. ಮಂಡಿನೋವಿಗೆ ಏನು ಹಚ್ಚುತ್ತೀರಿ ಅಂತ ಕೇಳಿದಳು. ಸರೋಜಮ್ಮನವರಿಗೂ ಮಂಡಿನೋವು. ಇಬ್ಬರೂ ನನ್ನ ಮೆಟ್ಟಿಲ ಮೇಲೆಯೇ ಕೂತರು. ನಾನು ಕತ್ತರಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದೆ. ನನ್ನ ಜಗಳದ ಕಡೆ ಯಾರಿಗೂ ಗಮನವಿರಲಿಲ್ಲ.

ಈಗ ಮಾರ್ಕೆಟ್ಟಿನ ದಿನ ನಂಜತ್ತೆ ಮೇಲೆ ಬರುವಾಗ ಸರೋಜಮ್ಮನವರನ್ನೂ ಕರೆದುಕೊಂಡೇ ಬರುತ್ತಾಳೆ. ಇಬ್ಬರೂ ಸೇರಿ ನನ್ನ ಪಾತ್ರೆಗಳನ್ನು ಪರೀಕ್ಷಿಸಿ, ನನ್ನ ಸಾರಿನ ಬಗ್ಗೆ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಾರೆ. ನಲ್ಲಿ ರಿಪೇರಿ ಆಯಿತು. ಮೊನ್ನೆ ಇಬ್ಬರೂ ನನ್ನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು, "ರತ್ನಿ, ಕಾಫೀಗೆ ಹಾಲು ಸಾಲ್ದು, ಹೋಗಿ ತಗಂಡ್ ಬಾ" ಅಂತ ನನ್ನನ್ನು ಅಂಗಡಿಗೆ ಅಟ್ಟಿದರು. ಬಾಡಿಗೆ ಕಟ್ಟುವವಳು ನಾನು. ಚಪ್ಪಲಿ ಸದ್ದಾಗದ ಹಾಗೆ ಮೆಟ್ಟಿಲಿಳಿದು, ಗೇಟನ್ನು ಎತ್ತಿ ಮುಚ್ಚಿ, ಹಾಲಿಗೆ ಹೋದೆ.